ಹತ್ತು ದಿನದ ಪಟ್ಟಿ

ಬೆಳಕು ಹರಿಯುವ ಮುಂಚೆ ಪೂನಮ್ ಬಾವಿಯಿಂದ ನೀರು ಸೇದಬೇಕು, ಎರಡು ಪದರದ ಬಟ್ಟೆಯಲ್ಲಿ ಸೋಸಬೇಕು, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಬಿಡಬೇಕು. ಅತ್ತೆ ಬಸದಿಗೆ ಒಯ್ಯುವ ಅಕ್ಕಿ ಹಸನು ಮಾಡಬೇಕು, ಹಿಟ್ಟು ನಾದಬೇಕು, ಕಾಯಿಪಲ್ಲೆ ಹೆಚ್ಚಬೇಕು, ಮಗ ಸುಯಶನ ಅಂಗಿಗೆ ಇಸ್ತ್ರಿ ಹಾಕಬೇಕು, ಗಂಡ ಸುಯೋಗನ ಇನ್ನೊಂದು ಕಾಲುಚೀಲ ಹುಡುಕಬೇಕು. ಸೂರ್ಯ ಹುಟ್ಟುವ ಮುಂಚೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಷ್ಟು ಹೊತ್ತು ಒಲೆಗೆ ವಿಶ್ರಾಂತಿ.

ಆಮೇಲೆ ಅವಳು ಬೆಳಗಾವಿಯ ಕಾಲೇಜಿನಲ್ಲಿ ಆಹಾರ ವಿಜ್ಞಾನ ಕಲಿಸುತ್ತಾಳೆ. ಮನೆಯವರು ಕೆಲಸ ಅನ್ನುವುದು ಅದಕ್ಕೆ ಮಾತ್ರ.

ಫೆಬ್ರವರಿಯಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿನಿಯರೊಂದಿಗೆ ಹತ್ತು ದಿನ ವಿಯೆಟ್ನಾಮಿಗೆ ಹೋಗಿ ಗೋಡಂಬಿ ಕಾರ್ಖಾನೆ ನೋಡಿಬರುವುದು ನಿಶ್ಚಯವಾದಾಗ, ಪೂನಮ್ ಪಾಸ್‌ಪೋರ್ಟಿಗಿಂತ ಮೊದಲು ಪಟ್ಟಿ ಮಾಡಿದಳು. ಯಾವ ದಿನ, ಯಾವ ಹೊತ್ತು, ಯಾರು, ಏನು. ಫ್ರಿಜ್ ಮೇಲೆ ಅಂಟಿಸಿ ಒಂದು ವಾರ ಸುಯೋಗನಿಗೆ ತಾಲೀಮು ಕೊಟ್ಟಳು. ಮೂರನೆಯ ದಿನ ಅವನು ನೀರನ್ನು ಚೆನ್ನಾಗಿಯೇ ಸೋಸಿ, ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಟ್ಟ.

"ಅಯ್ಯಯ್ಯ, ಬಾವಿ ಜೀವಾ ಎಲ್ಲಾ ಗಟಾರಕ್ಕ ಕಳಿಸಿದ್ಯೋ!" ಎಂದರು ಅತ್ತೆ ತಾರಾಬಾಯಿ. ನಂತರ ಸೊಸೆಯ ಕಡೆ ತಿರುಗಿದರು. "ನೀನ ಕಲಿಸಿದಾಕಿ. ಇವತ್ತ ನೀನ ಒಪ್ಪತ್ತು ಮಾಡು."

ಪೂನಮ್ ಒಪ್ಪತ್ತು ಉಂಡಳು. ಸುಯೋಗ ಎರಡು ಹೊತ್ತೂ ಉಂಡ.

ಹೊರಡಲು ಹನ್ನೆರಡು ದಿನವಿರುವಾಗ, ಅವರು ಹೋಗಬೇಕಾದ ಊರಿನಲ್ಲಿ ಡೆಂಗಿ ಹಬ್ಬಿದೆ ಎಂಬ ಸುದ್ದಿ ಬಂತು. ಹುಡುಗಿಯರಲ್ಲಿ ಮೂವರಿಗೆ ಹೋದ ವರ್ಷ ಡೆಂಗಿ ಆಗಿತ್ತು. ಎರಡನೆಯ ಸಲ ಬಂದರೆ ಅಪಾಯ ಹೆಚ್ಚು. ಪ್ರವಾಸ ಮುಂದೂಡುವ ಪತ್ರವನ್ನು ಪೂನಮ್‌ಳೇ ಬರೆದಳು. ಬರೆಯಬೇಕಾದ ಪತ್ರವೇ ಅದು.

"ಛಲೋ ಆತು ಬಿಡು. ಆ ಸೊಳ್ಳಿ ದೇಶಕ್ಕ ಯಾಕ ಹೋಗೂದು?" ಎಂದರು ತಾರಾಬಾಯಿ.

ಹೋದ ಮಳೆಗಾಲದಲ್ಲಿ ಈ ಮನೆಯಲ್ಲೂ ಮೂವರಿಗೆ ಡೆಂಗಿ ಆಗಿತ್ತು. ಆಗ ಯಾರೂ ಏನನ್ನೂ ಮುಂದೂಡಿರಲಿಲ್ಲ. ನಾಲ್ಕನೆಯವಳಾಗಿ ಪೂನಮ್‌ಗೂ ಜ್ವರ ಬಂದಾಗ ಅವಳು ಒಂದು ಮಧ್ಯಾಹ್ನ ಮಲಗಿದ್ದಳು.

ದಾರಿ ತೋರಿಸಿದವಳು ವಿದ್ಯಾರ್ಥಿನಿ ಪೂರ್ಣಿಮಾ. "ಮೇಡಮ್, ನಮ್ಮ ಖಾನಾಪುರದಾಗೂ ಗೋಡಂಬಿ ಕಾರ್ಖಾನಿ ಅದಾವ್ರಿ. ಎಲ್ಲಾರೂ ನಮ್ಮ ಮನ್ಯಾಗ ಇರೂಣ್ರಿ. ನಮ್ಮ ಸೊಳ್ಳಿ ಎಲ್ಲಾ ಪರಿಚಯದವ್ರಿ."

ಕಾಲೇಜು ಒಪ್ಪಿತು. ಅವೇ ತಾರೀಖು, ಅವೇ ಹತ್ತು ದಿನ.

"ಖಾನಾಪುರ ಅಂದ್ರ ಇಲ್ಲೇ ಬಾಜೂಕ," ಎಂದರು ತಾರಾಬಾಯಿ. "ದಿನಾ ಹೋಗಿ ಬಾ."

"ಐದರ ಬಸ್ ಹಿಡಿ," ಎಂದ ಸುಯೋಗ. "ಹೊತ್ತು ಮುಳುಗೂದ್ರಾಗ ಊಟಾ ಆಗಿಬಿಡತೈತಿ."

ಸರಿಯಾದ ಮಾತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಮನೆಯಿದ್ದ ಪೀರನವಾಡಿ ಖಾನಾಪುರದ ದಾರಿಯಲ್ಲೇ ಇದೆ. ಸಂಜೆ ಹಿಂತಿರುಗಿ ಅಡುಗೆ ಮಾಡಲು ಆಗದಷ್ಟು ದೂರ ಇರುವುದೇ ವಿಯೆಟ್ನಾಮಿನ ದೊಡ್ಡ ಗುಣ ಎಂದು ಪೂನಮ್‌ಗೆ ಆಗ ತಿಳಿಯಿತು.

ಮೊದಲ ದಿನ ಅವಳು ಡಬ್ಬಿ, ಛತ್ರಿಯಷ್ಟೇ ಹಿಡಿದು ಹೋದಳು. ಕಾರ್ಖಾನೆಯಲ್ಲಿ ಬೀಜ ಒಡೆಯುವ ಮಾಯಕ್ಕನ ಬೆರಳುಗಳು ಸಿಪ್ಪೆಯ ಎಣ್ಣೆ ತಾಗಿ ಕಪ್ಪಾಗಿದ್ದವು. ಹುಡುಗಿಯರು ಪ್ರಶ್ನೆ ಕೇಳುತ್ತಿದ್ದಾಗ ಮಾಯಕ್ಕ ಗಡಿಯಾರ ನೋಡಿದಳು.

"ಸಾಕ್ರೆವ್ವಾ, ನಾ ಹೋಗಬೇಕು. ಅಡಿಗಿ ಐತಿ."

"ನಂದೂ," ಎಂದಳು ಪೂನಮ್.

"ನಿಮಗೂ ಐತೇನ್ರಿ?" ಮಾಯಕ್ಕ ಅವಳ ಇಸ್ತ್ರಿ ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು. "ಮತ್ತ ಇಷ್ಟ ಯಾಕ ಓದಿದ್ರಿ?"

ಹುಡುಗಿಯರು ಪೂರ್ಣಿಮಾಳ ಮನೆಗೆ ಹೋದರು. ಪೂನಮ್ ಒಬ್ಬಳೇ ಬಸ್ ನಿಲ್ದಾಣಕ್ಕೆ ಬಂದಳು. ಐದರ ಬಸ್ಸು ಐದಕ್ಕೇ ಬಂತು, ಅರ್ಧ ಖಾಲಿಯಿತ್ತು. ಹತ್ತದಿರಲು ನೆವಕ್ಕೂ ಒಂದು ತೊಂದರೆ ಇರಲಿಲ್ಲ.

"ಹತ್ರಿ ಅಕ್ಕಾರ, ಪೀರನವಾಡಿ, ಬೆಳಗಾವಿ!" ಎಂದ ಕಂಡಕ್ಟರ್.

ಪೂನಮ್ ಹಿಂದಿದ್ದವರಿಗೆ ದಾರಿ ಬಿಟ್ಟಳು. ಬಸ್ಸು ಹೋಯಿತು. ಫೋನ್ ತೆಗೆದು ಸುಯೋಗನಿಗೆ ಬರೆದಳು: "ಪಟ್ಟಿ ಫ್ರಿಜ್ ಮೇಲೇ ಇದೆ. ಇವತ್ತು ಮೊದಲನೆಯ ದಿನ. ಬಟ್ಟೆ ನಲ್ಲಿಯ ಕೆಳಗೆ ತೊಳೆಯಬೇಡ."

ಆಮೇಲೆ ಎದುರಿನ ಅಂಗಡಿಗೆ ಹೋಗಿ ಹಲ್ಲುಜ್ಜುವ ಬ್ರಷ್ ಕೊಂಡಳು.