ರಾಕ್ಷಸನ ಮುಖಕ್ಕೆ ಕುರಿಕೊಬ್ಬು

ನಲವತ್ತು ದಾಟಿದ ಮೇಲೆ ನಾನು ಮೊದಲ ಸಲ ಮುಖಕ್ಕೆ ಬಣ್ಣ ಹಚ್ಚಿಕೊಂಡೆ, ಅದೂ ರಾಕ್ಷಸನ ಬಣ್ಣ. ದೊಡ್ಡಬೆಳವಂಗಲದ ನಮ್ಮ ಹೆಂಗಸರ ಸಂಘ ಪೌರಾಣಿಕ ನಾಟಕ ಆಡುವುದೆಂದು ತೀರ್ಮಾನವಾದಾಗ ರಾಣಿಯರ ಪಾತ್ರಗಳಿಗೆ ಪೈಪೋಟಿ ಬಿತ್ತು. ಅಂಗನವಾಡಿಯಲ್ಲಿ ದಿನವಿಡೀ ಕೂಗಿ ಗಟ್ಟಿಯಾಗಿದ್ದ ನನ್ನ ಗಂಟಲು ಕೇಳಿ ಹಾರ್ಮೋನಿಯಂ ಮೇಷ್ಟ್ರು ರಾಕ್ಷಸನ ಪಾತ್ರ ಕೊಟ್ಟರು. ನನಗೇನೂ ಬೇಸರವಾಗಲಿಲ್ಲ. ರಾಣಿಯರಿಗೆ ಅಳುವ ಪದಗಳೇ ಜಾಸ್ತಿ ಇದ್ದವು.

ನಾಟಕಕ್ಕೆ ಹದಿನೈದು ದಿನ ಇರುವಾಗ ಬೆಂಗಳೂರಿನಿಂದ ತರಿಸಿದ ಬಣ್ಣ ಹಚ್ಚಿ ನೋಡಿದೆವು. ಅರ್ಧ ಗಂಟೆಗೆಲ್ಲ ಕೆನ್ನೆ ಉರಿಯತೊಡಗಿತು. ಸಂಜೆ ಹೊತ್ತಿಗೆ ಮುಖದ ತುಂಬ ದದ್ದು. ಡಾಕ್ಟರು ಮುಲಾಮು ಬರೆದುಕೊಟ್ಟು, ಆ ಬಣ್ಣ ಮತ್ತೆ ಮುಟ್ಟಬೇಡಿ ಅಂದರು. ಪಾತ್ರ ಬಿಡುತ್ತೇನೆಂದು ಹೇಳಲು ಮೇಷ್ಟ್ರ ಮನೆಗೆ ಹೋದೆ. ಅಲ್ಲಿ ನಮ್ಮ ಬಣ್ಣದ ತಾತ ಕಾಫಿ ಕುಡಿಯುತ್ತ ಕೂತಿದ್ದರು. ತಮ್ಮ ಅಪ್ಪನ ಕಾಲದಿಂದಲೂ ಸುತ್ತಲಿನ ಊರುಗಳ ನಾಟಕದವರ ಮುಖಕ್ಕೆ ಬಣ್ಣ ಬಳಿಯುತ್ತ ಬಂದವರು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಪಾತ್ರ ಯಾಕಮ್ಮ ಬಿಡ್ತೀಯ? ನಮ್ಮಪ್ಪ ಅಂಗಡಿ ಬಣ್ಣ ಕಂಡೋನೇ ಅಲ್ಲ. ಕುರಿಕೊಬ್ಬು ಕರಗಿಸಿ, ಅದಕ್ಕೆ ಕಾವಿ, ಕಾಡಿಗೆ ಕಲಸೋನು. ಎಷ್ಟು ಬೆವತ್ರೂ ಇಳೀತಿರ್ಲಿಲ್ಲ. ನಿಂಗೂ ಹಂಗೇ ಮಾಡ್ಕೊಡ್ತೀನಿ."

"ಅಪ್ಪ ಮಾಡೋದು ನೋಡಿದ್ದೀರಲ್ಲ ತಾತ, ನೀವು ಯಾವಾಗಾದ್ರೂ ಮಾಡಿದ್ದೀರಾ?"

"ನೋಡಿದೀನಲ್ಲ," ಎಂದರು ತಾತ. ಅಷ್ಟೇ.

ತೊಂದರೆ ಇದ್ದದ್ದು ನಮ್ಮ ಮನೆಯಲ್ಲಿ. ನಮ್ಮತ್ತೆ ಕಾಶಿಗೆ ಹೋಗಿಬಂದ ಮೇಲೆ ಮಾಂಸ ಬಿಟ್ಟಿದ್ದರು. ನಾವು ತಿನ್ನುವುದಕ್ಕೆ ಅವರ ಅಡ್ಡಿ ಇರಲಿಲ್ಲ, ಆದರೆ ಹಿತ್ತಲ ಒಲೆಯಲ್ಲೇ ಬೇಯಿಸಬೇಕು, ಪಾತ್ರೆ ಅಲ್ಲೇ ಬೆಳಗಬೇಕು. ತಿನ್ನುವುದಕ್ಕಲ್ಲ, ಮುಖಕ್ಕೆ ಬಳಿದುಕೊಳ್ಳುವುದಕ್ಕೆ ಕೊಬ್ಬು ತರುತ್ತೇನೆ ಎಂದಾಗ ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ನಿಂಗೆ ಬುದ್ಧಿ ಗಿದ್ಧಿ ಏನಾದ್ರೂ ಐತಾ?"

ಆದರೂ ಬೇಡ ಅನ್ನಲಿಲ್ಲ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯಿಂದ ತಾತ ಕೊಬ್ಬು ತಂದರು. ಹಿತ್ತಲಲ್ಲಿ ಸೌದೆ ಒಟ್ಟಿ, ಹಳೇ ಬಾಣಲೆಗೆ ಕೊಬ್ಬು ಸುರಿದು, ಉರಿ ಜೋರು ಮಾಡಿದರು. ಹತ್ತು ನಿಮಿಷಕ್ಕೆ ಕಮಟು ವಾಸನೆಯ ಹೊಗೆ ಎದ್ದಿತು. ಕೊಬ್ಬಿನ ಚೂರುಗಳು ಕರಕಲಾಗುತ್ತಿದ್ದವು, ತಾತ ಕೆಮ್ಮುತ್ತ ಕೋಲಿನಲ್ಲಿ ತಿರುವುತ್ತಿದ್ದರು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ಮೂಗಿಗೆ ಸೆರಗು ಹಿಡಿದು ನಿಂತರು.

"ಅಣ್ಣ, ಯಾರು ಹೇಳಿದ್ದು ನಿಮ್ಗೆ ಹಿಂಗೆ ಕಾಯ್ಸೋಕೆ? ಉರಿ ತೆಗೀರಿ."

ಅವರು ಹಿತ್ತಲಿಗೆ ಇಳಿದೇಬಿಟ್ಟರು. ಸೌದೆ ಹಿಂದಕ್ಕೆಳೆದು ಕೆಂಡ ಮಾತ್ರ ಉಳಿಸಿದರು. ಕರಕಲಾದದ್ದನ್ನು ಚೆಲ್ಲಿಸಿ, ಉಳಿದ ಕೊಬ್ಬನ್ನು ನನ್ನ ಕೈಲಿ ಸಣ್ಣಗೆ ಹೆಚ್ಚಿಸಿ, ಒಂದು ಲೋಟ ನೀರು ಹಾಕಿಸಿದರು. ತಾವು ಮಾತ್ರ ಬಾಣಲೆ ಮುಟ್ಟಲಿಲ್ಲ. ಮಾರು ದೂರ ಕಲ್ಲಿನ ಮೇಲೆ ಕೂತು, ಕೈ ತೋರಿಸುತ್ತಲೇ ಎಲ್ಲವನ್ನೂ ಮಾಡಿಸಿದರು. ನೀರೆಲ್ಲ ಹಿಂಗಿ ಸದ್ದು ಅಡಗಿದಾಗ, "ಈಗ ಇಳ್ಸು. ತುಪ್ಪದಂಗೇ ಇದೂನೂ," ಎಂದರು.

"ನಿಮಗೆ ಹೇಗೆ ಗೊತ್ತು ಅತ್ತೆ?"

"ನಮ್ಮಪ್ಪ ಗಾಡಿ ಹೊಡೀತಿದ್ದ. ಎತ್ತಿನ ಕೊರಳಪಟ್ಟಿ, ಬಾರುಕೋಲು, ಅವನ ಎಕ್ಕಡ, ಎಲ್ಲಕ್ಕೂ ಇದೇ ಸವರೋದು. ಮಳೆ ಬೀಳೋಕೆ ಮುಂಚೆ ಜಗಲಿ ಮೇಲೆ ಎಲ್ಲಾ ಹರಡ್ಕೊಂಡು ಕೂತ್ಕೊಳ್ಳೋನು. ಕಾಯ್ಸೋ ಕೆಲ್ಸ ನಂದು. ಕೈಗೆ ಮೆತ್ಕೊಂಡಿದ್ದನ್ನ ನನ್ನ ಒಡೆದ ಹಿಮ್ಮಡಿಗೆ ಒರೆಸೋನು. ನಿಂದೂ ಚರ್ಮಾನೇ ಅಲ್ವೇನೇ, ಅನ್ನೋನು."

ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅತ್ತೆ ತಮ್ಮ ಅಪ್ಪನ ಬಗ್ಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರು ಆವತಿ ಅನ್ನುವ ಊರಿನ ಕಡೆಯವರು ಅನ್ನುವುದಷ್ಟೇ ಗೊತ್ತಿತ್ತು. ಅವತ್ತು ಬಾಣಲೆ ಆರುವವರೆಗೂ ಕೂತು ಹೇಳಿದರು. ಎತ್ತುಗಳ ಬಣ್ಣ, ಗಾಡಿ ಹೋಗುತ್ತಿದ್ದ ದಾರಿ, ಅಪ್ಪ ಎಕ್ಕಡ ಕಳಚಿ ಕೈಯಲ್ಲಿ ಹಿಡಿದು ಕೆಸರು ದಾಟುತ್ತಿದ್ದದ್ದು. ಕಾಲು ಕೆಟ್ಟರೆ ತೊಳೆದರಾಯಿತು, ಎಕ್ಕಡ ಕೆಡಬಾರದು ಅನ್ನುತ್ತಿದ್ದರಂತೆ. ಹೇಳುತ್ತ ಅತ್ತೆ ನಕ್ಕರು. ತಾತ ಬೀಡಿ ಹಚ್ಚುವುದನ್ನೂ ಮರೆತು ಕೇಳುತ್ತಿದ್ದರು.

ಸೋಸಿದ ಕೊಬ್ಬು ಮಧ್ಯಾಹ್ನಕ್ಕೆ ಬೆಳ್ಳಗೆ ಗಟ್ಟಿಯಾಯಿತು. ಮುಖಕ್ಕೆ ಸವರಿದರೆ ಹರಡಲಿಲ್ಲ. ಎಳ್ಳೆಣ್ಣೆ ಬೆರೆಸು ಎಂದರು ಅತ್ತೆ. ವಾಸನೆಗೆಂದು ದೇವರ ಗೂಡಿನಿಂದ ಒಂದು ಚಿಟಿಕೆ ಪಚ್ಚಕರ್ಪೂರವನ್ನೂ ತಂದು, ಮೇಲಿನಿಂದಲೇ ಉದುರಿಸಿದರು. ತಾತ ನನ್ನ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಎರಡು ದಿನ ಬಿಟ್ಟು ನೋಡಿದರು. ಏನೂ ಆಗಲಿಲ್ಲ.

ನಾಟಕ ದೊಡ್ಡಬಳ್ಳಾಪುರದಲ್ಲಿ, ಬೆಳಿಗ್ಗೆ ಹತ್ತಕ್ಕೆ. ಬಣ್ಣದ ಕೋಣೆಯಲ್ಲಿ ತಾತ ಕೊಬ್ಬನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಕಾವಿ ಕಲಸಿ, ನನ್ನ ಹಣೆಯಿಂದ ಕತ್ತಿನವರೆಗೆ ಬಳಿದರು. ಹುಬ್ಬಿಗೆ ಕಾಡಿಗೆ ಕೊಂಬಿನಂತೆ ಏರಿತು. ಮುಖ ತಣ್ಣಗೆ, ಮೆತ್ತಗಿತ್ತು. ರಾಣಿಯರಲ್ಲಿ ಇಬ್ಬರು ನನ್ನ ಪಕ್ಕ ಕೂರಲು ಒಪ್ಪಲಿಲ್ಲ; ಕರ್ಪೂರದ ಜೊತೆಗೆ ಬಿರಿಯಾನಿಯ ವಾಸನೆಯೂ ಬರುತ್ತಿದೆ ಅಂದರು. ಎರಡು ಗಂಟೆ ದೀಪಗಳ ಕೆಳಗೆ ಗದೆ ಬೀಸಿ ಕೂಗಾಡಿದೆ. ರಾಣಿಯರ ಕಾಡಿಗೆ ಕೆನ್ನೆಗಿಳಿಯಿತು. ನನ್ನ ಬಣ್ಣ ಕದಲಲಿಲ್ಲ. ರಾಕ್ಷಸ ಸಾಯುವಾಗ ಮುಂದಿನ ಸಾಲಿನಲ್ಲಿದ್ದ ಅತ್ತೆ ಕಣ್ಣೊರೆಸಿಕೊಂಡರು ಎಂದು ನನ್ನ ಗಂಡ ಆಮೇಲೆ ಹೇಳಿದ. ಅವರನ್ನು ಕೇಳಿದರೆ, ಕಣ್ಣಿಗೆ ಧೂಳು ಬಿತ್ತು ಅನ್ನುತ್ತಾರೆ.

ಬಣ್ಣದ ಮುಖದಲ್ಲೇ ಮನೆಗೆ ಬಂದಾಗ ಬೀದಿ ನಾಯಿಗಳೆರಡು ಬಾಗಿಲವರೆಗೂ ನನ್ನ ಹಿಂದೆ ಬಂದವು. ಅತ್ತೆ ಅವನ್ನು ಗದರಿ ಓಡಿಸಿ, ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿದರು. ಕೊಬ್ಬರಿ ಎಣ್ಣೆ ಸುರಿದುಕೊಂಡು ನಾನೇ ಉಜ್ಜಲು ಹೋದೆ. ಅವರು ನನ್ನ ಕೈ ಸರಿಸಿದರು.

"ಅತ್ತೆ, ನಿಮ್ಮ ಕೈಗೆ ಕೊಬ್ಬು ಮೆತ್ಕೊಳ್ಳುತ್ತೆ, ಬಿಡಿ."

"ಸ್ನಾನ ಮಾಡ್ಕೋತೀನಿ ಬಿಡು. ಕಣ್ಣು ಮುಚ್ಕೋ."

ಕಡಲೆಹಿಟ್ಟು ಹಾಕಿ, ಕಿವಿಯ ಹಿಂದೆ, ಗಲ್ಲದ ಕೆಳಗೆ, ಕೂದಲಿನ ಬುಡದಲ್ಲಿ, ನಿಧಾನವಾಗಿ ತಿಕ್ಕಿದರು. ನಾನು ಕಣ್ಣು ಮುಚ್ಚಿಕೊಂಡೇ ಕೂತಿದ್ದೆ.