ಮಾವನಿಗೆ ಮುಳ್ಳಿಲ್ಲದ ಮೀನು

ಅತ್ತೆ ಇದ್ದಷ್ಟು ದಿನ ನಮ್ಮ ಮಾವ ಮೀನಿನ ಮುಳ್ಳಿಗೆ ತಲೆ ಕೆಡಿಸಿಕೊಂಡವರೇ ಅಲ್ಲ. ಅವರು ಊಟಕ್ಕೆ ಕೂತರೆ ಅತ್ತೆ ಪಕ್ಕಕ್ಕೆ ಬಂದು ಕೂರುತ್ತಿದ್ದರು. ಮಾವನ ತಟ್ಟೆಯ ತುಂಡನ್ನು ಬೆರಳಿನಿಂದಲೇ ಬಿಡಿಸಿ, ಮುಳ್ಳನ್ನೆಲ್ಲ ಅಂಚಿಗೆ ಹಾಕಿ, ಉಳಿದದ್ದನ್ನು ಅನ್ನದ ಮಗ್ಗುಲಿಗೆ ಸರಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ಮಾವನ ಗಂಟಲಿಗೆ ಮುಳ್ಳು ಸಿಕ್ಕಿ ಆಸ್ಪತ್ರೆಗೆ ಹೋಗಬೇಕಾಯಿತಂತೆ. ಅಂದು ಶುರುವಾದ ರೂಢಿ. ನಾನು ಸೊಸೆಯಾಗಿ ಬಂದಾಗ ಅದನ್ನು ನೋಡಿ ಒಳಗೊಳಗೇ ನಕ್ಕಿದ್ದೆ.

ಅತ್ತೆ ಹೋದ ಮೇಲೆ ಮಾವನನ್ನು ಹರಿಹರದಿಂದ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಕರೆತಂದೆವು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ. ಬಂದ ತಿಂಗಳಲ್ಲೇ ಮೀನಿನ ಸಾರು ಮಾಡಿದೆ. ಅವರು ಸಾರನ್ನಷ್ಟೇ ಅನ್ನಕ್ಕೆ ಹಾಕಿಸಿಕೊಂಡು ತುಂಡುಗಳನ್ನು ಮುಟ್ಟಲಿಲ್ಲ.

“ಬ್ಯಾಡವ್ವ. ಮೀನಿನ ಮ್ಯಾಲಿನ ಮನಸೇ ಹೋಗೈತೆ” ಅಂದರು.

ದುಃಖ ಇನ್ನೂ ಆರಿಲ್ಲ ಎಂದುಕೊಂಡೆ. ಆಮೇಲೆ ಮನೆಯಲ್ಲಿ ಮೀನು ಮಾಡುವುದೇ ನಿಂತಿತು.

ಒಂದು ದಿನ ಅವರ ಪಿಂಚಣಿಯ ಕೆಲಸಕ್ಕೆ ಹರಿಹರದ ಬ್ಯಾಂಕಿಗೆ ನಾನೇ ಜೊತೆಯಾಗಿ ಹೋದೆ. ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ಹೊಳೆ ಮೀನು ಮಾರುತ್ತಿದ್ದರು. ಮಾವ ಅಲ್ಲಿಗೆ ಹೋಗಿ ನಿಂತರು. ಬಗ್ಗಿ ಒಂದು ಮೀನಿನ ಕಿವಿರು ಎತ್ತಿ ಕಣ್ಣಿನ ಹತ್ತಿರ ತಂದು ನೋಡಿದರು.

“ಬೆಳಿಗ್ಗೆ ಹಿಡಿದಿದ್ದು ಯಜಮಾನ್ರೆ, ತಗಳ್ರಿ” ಅಂದಳು ಮಾರುವಾಕೆ.

“ಮುಳ್ಳು ಇಲ್ಲದ್ದು ಯಾವುದಾರ ಐತೇನವ್ವ?”

ಅವಳು ನಕ್ಕುಬಿಟ್ಟಳು. “ಮುಳ್ಳಿಲ್ಲದ್ದು ಎಲ್ಲಿಂದ ತರಾನ್ರಿ?”

ಮಾವ ಮೀನನ್ನು ಕೆಳಗಿಟ್ಟು, ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, “ನಡಿಯವ್ವ, ಬಿಸಿಲಾತು” ಅಂದರು.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ಮನಸ್ಸು ಹೋಗಿರಲಿಲ್ಲ. ಕಣ್ಣು ಮಂಜಾಗಿತ್ತು, ಬಿಡಿಸಿ ಕೊಡುವವರು ಇರಲಿಲ್ಲ. ‘ನಾನು ಬಿಡಿಸಿಕೊಡ್ತೀನಿ ಮಾವ’ ಅಂದರೆ ಮುಗಿಯುತ್ತಿತ್ತು. ಆದರೆ ಮಾವನ ಪಕ್ಕ ಕೂತು ಅವರ ತಟ್ಟೆಗೆ ಕೈ ಹಾಕುವುದನ್ನು ನಾನು ಊಹಿಸಿಕೊಳ್ಳಲೂ ಆಗದಷ್ಟು ಸಂಕೋಚ ನಮ್ಮಿಬ್ಬರ ನಡುವೆ ಇತ್ತು. ನನ್ನ ಗಂಡನಿಗೆ ಹೇಳಿದೆ. “ನಾನು ಕೈ ಹಾಕಿದ್ರೆ ಅಪ್ಪ ಎದ್ದು ಹೋಗ್ತಾನೆ. ನಾನೇನು ಕೂಸಾ ಅಂತಾನೆ” ಅಂದರು.

ದಾರಿ ತೋರಿಸಿದವಳು ಮಗಳು. ವಿದ್ಯಾನಗರದ ಕಾಲೇಜಿಗೆ ಹೋಗುವವಳು. “ಸಾಲ್ಮನ್ ಮೀನು ತರಾನ ಮಮ್ಮಿ. ಮುಳ್ಳು ತೆಗೆದೇ ಕೊಡ್ತಾರೆ” ಎಂದು ಮೊಬೈಲಿನಲ್ಲಿ ಟೆರಿಯಾಕಿ ಎಂಬ ಜಪಾನಿನ ಅಡುಗೆಯ ವೀಡಿಯೊ ತೋರಿಸಿದಳು. ಶನಿವಾರ ಸ್ಕೂಟಿಯಲ್ಲಿ ಹೋಗಿ, ಮಂಜುಗಟ್ಟಿದ ನಾಲ್ಕು ತುಂಡು ತಂದಳು. ಕೇಸರಿ ಬಣ್ಣದ ಮೀನನ್ನು ನಾನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಮಂಜು ಕರಗಿದ ಮೇಲೆ ತುಂಡುಗಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದೆ. ಬೆರಳಿಗೆ ಏನೋ ಚುಚ್ಚಿತು. ಸವರಿ ನೋಡಿದರೆ ಕೂದಲಿನಷ್ಟು ತೆಳ್ಳಗಿನ ಮುಳ್ಳುಗಳು, ಒಂದೇ ಸಾಲಾಗಿ! ಮಗಳು ಹುಬ್ಬು ತಿದ್ದಿಕೊಳ್ಳುವ ಚಿಮುಟವನ್ನು ಬಿಸಿನೀರಲ್ಲಿ ತೊಳೆದು, ಒಂದೊಂದನ್ನೇ ಹಿಡಿದು ಎಳೆದೆ. ಕತ್ತು ನೋಯುವಷ್ಟು ಹೊತ್ತಾಯಿತು.

ಆಮೇಲಿನದು ಸುಲಭ. ಗೋಬಿ ಮಂಚೂರಿಗೆಂದು ತಂದು ಉಳಿದಿದ್ದ ಸೋಯಾ ಸಾಸಿಗೆ ಬೆಲ್ಲ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಒಂದಿಷ್ಟು ವಿನೆಗರ್ ಹಾಕಿ ಕುದಿಸಿದೆ. ಜೋಳದ ಹಿಟ್ಟು ಬೇಡ, ಕಾರ್ನ್‌ಫ್ಲೋರ್ ಹಾಕು ಎಂದು ಮಗಳು ಪಕ್ಕದಲ್ಲೇ ನಿಂತು ಹೇಳುತ್ತಿದ್ದಳು. ಉಂಡೆಯ ಪಾಕದ ಹಾಗೆ ಹೊಳಪು ಬಂದ ಮೇಲೆ ಮೀನಿಗೆ ಸವರಿ, ಅಲ್ಲಿಯವರೆಗೆ ಕೇಕನ್ನಷ್ಟೇ ಕಂಡಿದ್ದ ಓವನ್ನಿನಲ್ಲಿಟ್ಟೆ.

ವಾಸನೆಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದರು. “ಸಿಹಿ ಮಾಡ್ತಿದೀಯೇನವ್ವ?”

“ಮೀನು, ಮಾವ.”

“ಬೆಲ್ಲದಾಗೆ ಮೀನಾ?”

“ಹ್ಞೂಂ. ಮುಳ್ಳಿಲ್ಲ ಇದಕ್ಕೆ” ಅಂದೆ, ಅವರ ಮುಖ ನೋಡದೆ.

ಅವರು ಅಲ್ಲಿಂದ ಹೊರಟುಹೋದರು. ಬೇಜಾರಾಯಿತೇನೋ ಎಂದು ನನಗೆ ಕಸಿವಿಸಿ.

ಕಾಲುಗಂಟೆಯಲ್ಲಿ ಬೆಂದಿತು. ಮೇಲೆ ಬಿಳಿ ಎಳ್ಳು ಉದುರಿಸಿ, ಬಿಸಿ ಅನ್ನದ ಜೊತೆ ಬಡಿಸಿದೆ. ನಾಲ್ವರೂ ಕೂತೆವು. ಮಾವ ತುಂಡನ್ನು ಒತ್ತಿ ನೋಡಿದರು. ಅದು ಪದರ ಪದರವಾಗಿ ಬಿಚ್ಚಿಕೊಂಡಿತು. ಒಂದು ತುತ್ತು ತಿಂದರು. ಎರಡನೆಯದು. ಮೂರನೆಯ ತುತ್ತಿಗೆ ದವಡೆ ನಿಂತಿತು. ಬಾಯಿಗೆ ಬೆರಳು ಹಾಕಿ ಒಂದು ಸಣ್ಣ ಮುಳ್ಳನ್ನು ಹೊರತೆಗೆದರು.

ನನ್ನ ಗಂಡ ನೀರಿನ ಲೋಟ ಮುಂದೆ ಹಿಡಿದರು. ಮಾವ ಮುಳ್ಳನ್ನು ದೀಪದ ಕಡೆಗೆ ಎತ್ತಿ ಹಿಡಿದು ಜೋರಾಗಿ ನಕ್ಕರು. “ಮೀನೇ ಬಿಡವ್ವ ಇದು! ನಾನು ಹಿಟ್ಟಿನಾಗೆ ಮಾಡಿದ್ದು ಅನ್ಕಂಡಿದ್ದೆ.”

“ಎಲ್ಲಾ ಕಿತ್ತಿದ್ದೆ ಮಾವ. ಅದೊಂದು ಹೆಂಗೋ ಉಳ್ಕಂಡೈತೆ” ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

“ನೀನು ಕಿತ್ತಿದ್ದಾ?”

ತಲೆಯಾಡಿಸಿದೆ. ಮಾವ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿದರು. “ಹಂಗಾರೆ ಇನ್ನೊಂದು ಸಲ ನೋಡಿಬಿಡು. ನನಗೆ ಕಾಣಲ್ಲ.”

ಕಾಣುವುದಿಲ್ಲ ಎಂದು ಅವರು ಯಾರಿಗೂ ಹೇಳಿರಲಿಲ್ಲ. ನಾನು ಕೈ ತೊಳೆದು ಬಂದು, ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತೆ. ಉಳಿದ ಮೀನನ್ನು ಪದರ ಪದರವಾಗಿ ಬಿಡಿಸಿ ನೋಡಿದೆ. ಮುಳ್ಳೇನೂ ಸಿಗಲಿಲ್ಲ.

“ಅವಳು ಇಷ್ಟು ನಿಧಾನ ಮಾಡ್ತಿರಲಿಲ್ಲ” ಅಂದರು ಮಾವ.

ಮಗಳು ಕಿಸಕ್ಕನೆ ನಕ್ಕಳು. ನನಗೂ ನಗು ಬಂತು, ಕಣ್ಣೂ ತುಂಬಿತು.

ಸಾಲ್ಮನ್ ಆಮೇಲೆ ಒಂದೆರಡು ಸಲ ಮಾತ್ರ ಮಾಡಿದೆ, ಅದೂ ಮಗಳ ಹಟಕ್ಕೆ. ಸಿಹಿ ಮೀನಿನ ಬಗ್ಗೆ ಮಾವನಿಗೆ ಅಷ್ಟೇನೂ ಗೌರವವಿಲ್ಲ. ಈಗ ಭಾನುವಾರ ನನ್ನ ಗಂಡನನ್ನು ಕರೆದುಕೊಂಡು ಹರಿಹರಕ್ಕೆ ಹೋಗಿ ತಾವೇ ಆರಿಸಿ ತರುತ್ತಾರೆ. ನಾನು ಹುಣಸೆಹುಳಿ ಹಿಂಡಿ ಸಾರು ಮಾಡುತ್ತೇನೆ, ಪಕ್ಕ ಕೂತು ಬಿಡಿಸುತ್ತೇನೆ. ನಾನು ಬಿಡಿಸುವಷ್ಟು ಹೊತ್ತೂ ಅವರು ಮಾತಾಡುತ್ತಾರೆ. ಕಾರ್ಖಾನೆಗೆ ಸೇರಿದ ಮೊದಲ ದಿನ ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ಗೇಟು ದಾಟಿದ್ದು, ಅತ್ತೆಗೆ ಈಜು ಬರುತ್ತದೆಂದು ಮದುವೆಯಾಗಿ ವರ್ಷದ ಮೇಲೆ ಗೊತ್ತಾಗಿದ್ದು. ಇಷ್ಟು ವರ್ಷ ಒಂದೇ ಮನೆಯವರಾಗಿದ್ದರೂ ಇದನ್ನೆಲ್ಲ ಅವರು ನನಗೆ ಹೇಳಿರಲಿಲ್ಲ. ಕಳೆದ ವಾರ ತಂದದ್ದು ಮೈತುಂಬ ಮುಳ್ಳಿರುವ ಗೆಂಡೆ ಮೀನು. ನನ್ನ ಕೆಲಸ ಮುಗಿಯುವಷ್ಟರಲ್ಲಿ ಅನ್ನ ಆರಿಹೋಗಿತ್ತು. ಬೇಗ ಮಾಡು ಎಂದು ಮಾವ ಅನ್ನಲಿಲ್ಲ.