ಫಾಂಗ್ ತಾತನ ಹೂದಾನಿ

ಚೀನಾದ ಜಿಂಗ್‌ಡೆಝೆನ್ನಿನ ಹಳೇ ಪಿಂಗಾಣಿ ಪೇಟೆಯಲ್ಲಿ ಫಾಂಗ್ ತಾತನ ಅಂಗಡಿಯೆಂದರೆ ಗಿರಾಕಿಗಳಿಗೆ ಪರೀಕ್ಷೆ. ಅಲ್ಲಿ ಬೆಟ್ಟ, ಹೊಳೆ, ಸೇತುವೆ ಬರೆದ ಹೂದಾನಿಯೊಂದಿದೆ; ಅದು ಬೇಕೆಂದವರು ಅದರ ಬೆನ್ನಮೇಲಿನ ಪದ್ಯವನ್ನು ಮೊದಲು ಗಟ್ಟಿಯಾಗಿ ಓದಬೇಕು. ತಾತ ಕಣ್ಣು ಮುಚ್ಚಿ ಕೇಳಿ, "ಓದೋ ರೀತಿನೇನ್ರೀ ಇದು? ಕೊಡಲ್ಲ, ನಡೀರಿ" ಎಂದುಬಿಡುತ್ತಾನೆ. ಹೈಸ್ಕೂಲು ಮೇಷ್ಟರೂ ನಪಾಸು. "ತಾತಾ, ಇದೇನು ಅಂಗಡಿನೋ ಮಠಾನೋ?" ಎಂದು ಪಕ್ಕದ ಶ್ಯಾವಿಗೆಯಂಗಡಿಯ ಚ್ಯೂಲಾನ್ ಛೇಡಿಸುತ್ತಾಳೆ. ತಾತನಿಗೆ ಅಕ್ಷರ ಬಾರದೆಂದು ಅವಳೊಬ್ಬಳಿಗೇ ಗೊತ್ತು. ತಾತನ ಹೆಂಡತಿ ತವರಿನಿಂದ ತಂದ ಹೂದಾನಿ ಅದು. ಸಂಜೆ ಧೂಳೊರೆಸುತ್ತ ಆ ಪದ್ಯವನ್ನು ತನ್ನೂರಿನ ರಾಗದಲ್ಲಿ ಅವಳೇ ಓದಿ ಹೇಳುತ್ತಿದ್ದಳು. ಅವಳು ತೀರಿಕೊಂಡ ಮೇಲೆ ತಾತ ಆ ರಾಗವನ್ನು ಬಂದವರ ಬಾಯಲ್ಲೆಲ್ಲ ಹುಡುಕುತ್ತಾನೆ. ಮೊನ್ನೆ ಅವಳೂರಿನ ಕಡೆಯ ಹೆಂಗಸೊಬ್ಬಳು ಬಂದು ಓದಿದಳು. ತಾತ ಬೈಯಲಿಲ್ಲ, ಕಣ್ಣು ತೆರೆಯಲೂ ಇಲ್ಲ. "ಇನ್ನೊಂದ್ಸಲ ಓದಮ್ಮ" ಎಂದ.